ನನ್ನ ಕಾಲು, ಮೈದುನನ ಹರಕೆ

ಪೇಪರಿನಲ್ಲಿ ಬೆನ್ನುಹುರಿಯ ವಿಷಯ ಏನಾದರೂ ಬಂದಿದ್ದರೆ, ಆ ದಿನದ ಪೇಪರು ನಮ್ಮ ಮನೆಗೆ ಎರಡು ಸಲ ಬರುತ್ತಿತ್ತು. ಬೆಳಿಗ್ಗೆ ನಮ್ಮ ಮನೆಯವರು ತರಿಸುತ್ತಿದ್ದದ್ದು ಒಂದು. ಸಂಜೆಯೊಳಗೆ ನನ್ನ ಮೈದುನ ಮಂಜುನಾಥ, ದಂಡಿಗನಹಳ್ಳಿಯಲ್ಲಿ ಬಸ್ಸು ಹತ್ತಿ, ಅದೇ ಪೇಪರನ್ನು ಮಡಿಚಿ ಅಂಗಿಯೊಳಗೆ ಇಟ್ಟುಕೊಂಡು ಹೊಳೆನರಸೀಪುರಕ್ಕೆ ತರುತ್ತಿದ್ದದ್ದು ಇನ್ನೊಂದು. ನಾವು ಓದಿರುತ್ತೇವೆ ಎಂದು ಅವನಿಗೆ ಗೊತ್ತು. ಆದರೂ ತರುತ್ತಿದ್ದ. ಬರಿಗೈಯಲ್ಲಿ ನನ್ನ ಮುಂದೆ ಬಂದು ನಿಲ್ಲುವುದು ಅವನಿಗೆ ಆಗುತ್ತಿರಲಿಲ್ಲ.

ನಾನು ಹೆಚ್ಚು ಓದಿದವಳಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಅರಕಲಗೂಡಿನಿಂದ ಮದುವೆಯಾಗಿ ಬಂದವಳು. ನಮ್ಮ ಮನೆಯವರು ಹೊಳೆನರಸೀಪುರದಲ್ಲಿ ಹೈಸ್ಕೂಲು ಮೇಷ್ಟರಾಗಿದ್ದರು. ಬೆನ್ನುಹುರಿ ಎಂದರೇನು, ಅದಕ್ಕೆ ಪೆಟ್ಟಾದರೆ ಏನಾಗುತ್ತದೆ ಎಂದು ಹೇಳಲು ಡಾಕ್ಟರುಗಳಿದ್ದಾರೆ. ನಾನು ಬರೆಯುತ್ತಿರುವುದು ಬೇರೆಯವರಿಗೆ. ಯಾವುದೋ ಮನೆಯಲ್ಲಿ ಒಬ್ಬರು ಏಳಲಾರದೆ ಮಲಗಿದ್ದಾರೆ, ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ ಎಂದುಕೊಳ್ಳಿ. ಅವರಿಗೆ. ಮಲಗಿದವರಿಗಿಂತ ಹೆಚ್ಚಾಗಿ ನಿಂತವರಿಗೆ.

ನಾನು ದಂಡಿಗನಹಳ್ಳಿಯ ಮನೆಗೆ ಸೊಸೆಯಾಗಿ ಹೋದಾಗ ಮಂಜು ಇನ್ನೂ ಚಡ್ಡಿ ಹಾಕುತ್ತಿದ್ದ. ಹೈಸ್ಕೂಲಿಗೆ ನಮ್ಮ ಜೊತೆಯಲ್ಲೇ ಹೊಳೆನರಸೀಪುರದಲ್ಲಿದ್ದ. ನಮಗೆ ಮಕ್ಕಳಾಗಲಿಲ್ಲ. ತಲೆಗೆ ಎಣ್ಣೆ ಒತ್ತಿಸಿಕೊಳ್ಳಲು ಇಷ್ಟವಿಲ್ಲದೆ ಮನೆಯ ತುಂಬ ಓಡುತ್ತಿದ್ದದ್ದು ಅವನೊಬ್ಬನೇ. ಲೆಕ್ಕದಲ್ಲಿ ಪಾಸಾಗದೆ ಊರಿಗೆ ಹೋಗಿ ತೆಂಗಿನ ತೋಟ ನೋಡಿಕೊಳ್ಳತೊಡಗಿದ. ಒಳ್ಳೆಯ ಆಳಾಗಿ ಬೆಳೆದ. ಮೂಟೆ ಎತ್ತುವುದಿರಲಿ, ಗಾಡಿ ಎತ್ತುವುದಿರಲಿ, ಊರಿನವರು ಮೊದಲು ಅವನನ್ನೇ ಕೂಗುತ್ತಿದ್ದರು.

ತೊಂಬತ್ತರ ದಶಕ ಇನ್ನೂ ಅರ್ಧ ಕಳೆದಿರಲಿಲ್ಲ. ಗೌರಿ ಹಬ್ಬಕ್ಕೆ ದಂಡಿಗನಹಳ್ಳಿಗೆ ಹೋಗಿದ್ದೆವು. ತವರಿನಿಂದ ಅಣ್ಣ ಬಾಗಿನ ತಂದುಕೊಟ್ಟು ಹೋಗಿದ್ದ. ಮಾರನೆಯ ದಿನ ಗಣಪತಿಗೆ ಕಡುಬು ಬೇಯಿಸಬೇಕು, ದೊಡ್ಡ ಪಾತ್ರೆ ಅಟ್ಟದ ಮೇಲಿದೆ. ಏಣಿ ಹತ್ತಿದೆ. ಪಾತ್ರೆ ಕೈಗೆ ಬಂತು. ಏಣಿ ಜಾರಿತು. ಕೆಳಗೆ ನೆಲದಲ್ಲಿ ಹೂತಿದ್ದ ಒರಳುಕಲ್ಲಿನ ಅಂಚಿಗೆ ಬೆನ್ನು ಬಡಿಯಿತು.

ನೋವು ಅಂಥದ್ದೇನೂ ಇರಲಿಲ್ಲ ಎಂದರೆ ನಂಬುವುದಿಲ್ಲ. ಉಸಿರು ಕಟ್ಟಿದಂತಾಗಿತ್ತು, ಅಷ್ಟೆ. ಪಾತ್ರೆ ನಗ್ಗಿತೇನೋ ಎಂದು ತಲೆ ಹೊರಳಿಸಿ ನೋಡಿದ್ದು ನೆನಪಿದೆ. ಅಷ್ಟರಲ್ಲಿ ಅತ್ತೆ ಓಡಿ ಬಂದರು, ಹಿಂದೆಯೇ ಮಂಜು ಬಂದ.

ನಮ್ಮ ಕಡೆ ಜೀವ ಹೋಗುವವರನ್ನು ಮಾತ್ರ ಬರೀ ನೆಲದ ಮೇಲೆ ಇಳಿಸುತ್ತಾರೆ. ಕಾಯಿಲೆಯವರಾಗಲಿ ಬಾಣಂತಿಯಾಗಲಿ, ಕೊನೆಗೆ ಒಂದು ಗೋಣಿಚೀಲವಾದರೂ ಹಾಸಿಯೇ ಮಲಗಿಸುವುದು. ಅದರಲ್ಲೂ ಅದು ಗೌರಿ ಹಬ್ಬ. ಅತ್ತೆ ಎದೆ ಹಿಡಿದುಕೊಂಡು, "ಹಬ್ಬದ್ ದಿನ ಬಾಗ್ನ ತಗಳೋ ಮುತ್ತೈದೆ ಬರೀ ನೆಲದ್ ಮ್ಯಾಲೆ ಬಿದ್ದಿರಬಾರ್ದು ಕಣ್ಲಾ, ಎತ್ತು," ಅಂದರು.

ಮಂಜು ನನ್ನ ಕಂಕುಳಿಗೆ ಎರಡೂ ಕೈ ಕೊಟ್ಟು ಎತ್ತಿ, ಮಂಚದ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ. ಅತ್ತೆ ನೀರು ಕುಡಿಸಿದರು. ನಾನು ಕಾಲನ್ನು ಮಡಿಚಿಕೊಳ್ಳಲು ಹೋದೆ. ಕಾಲು ಅಲ್ಲೇ ಇತ್ತು. ನಾನು ಹೇಳಿದ ಮಾತು ಅದಕ್ಕೆ ಕೇಳಿಸಲಿಲ್ಲ.

ಆಮೇಲಿನದು ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವಂಥದ್ದೇ. ತರಕಾರಿ ಸಾಗಿಸುವ ವ್ಯಾನಿನಲ್ಲಿ ಅತ್ತೆಗೆ ಒರಗಿಸಿ ಕೂರಿಸಿಕೊಂಡು ಚನ್ನರಾಯಪಟ್ಟಣಕ್ಕೆ. ಅಲ್ಲಿಂದ ಹಾಸನಕ್ಕೆ. ಹಾಸನದ ಆಸ್ಪತ್ರೆಯಲ್ಲಿ ಹಬ್ಬವಾದ್ದರಿಂದ ಅರ್ಧ ಜನವಿರಲಿಲ್ಲ. ವರಾಂಡದಲ್ಲಿ ಕಾದೆವು. ಬಿದ್ದ ಸುದ್ದಿ ಕೇಳಿ, ಪೂಜೆಗೆ ಹೂವು ತರಲು ಹೋಗಿದ್ದ ನಮ್ಮ ಮನೆಯವರು ಹೂವಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದೇ ಬಂದಿದ್ದರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನನ್ನ ದಿಂಬಿನ ಪಕ್ಕ ಇಟ್ಟರು. ಆಸ್ಪತ್ರೆಯ ಆ ವಾಸನೆಯಲ್ಲಿ ಒಂದಿಷ್ಟು ಸೇವಂತಿಗೆ ಇತ್ತು. ಅದೂ ಒಂದು ದಯೆ ಎಂದೇ ಎಣಿಸಿದ್ದೇನೆ.

ಡಾಕ್ಟರು ಬಂದರು. ಕೈಯಲ್ಲಿ ಸೂಜಿ ಇತ್ತು. ತೊಡೆಯ ಹತ್ತಿರ ಬಗ್ಗಿ, ತಿಳಿಯುತ್ತಾ ಎಂದು ಕೇಳಿದರು. ಮಂಜು ಕಾಲ ಬುಡದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ಅವನ ಮುಖ ನೋಡಿ, ತಿಳಿಯುತ್ತೆ ಅಂದೆ.

"ಇನ್ನೂ ಚುಚ್ಚಿಲ್ಲಮ್ಮ," ಅಂದರು ಡಾಕ್ಟರು.

ಆಮೇಲೆ ಅವರು ಹೇಗೆ ಕರೆತಂದಿರಿ ಎಂದು ಕೇಳಿದರು. ಎತ್ತಿ ಕೂರಿಸಿಕೊಂಡು ತಂದದ್ದನ್ನು ಮಂಜು ಇದ್ದದ್ದು ಇದ್ದಂತೆ ಹೇಳಿದ. ಬೆನ್ನಿಗೆ ಪೆಟ್ಟಾದವರನ್ನು ಹಾಗೆಲ್ಲ ಎತ್ತಬಾರದು, ಅಲುಗಿಸದೆ ಹಲಗೆಯ ಮೇಲೆ ಮಲಗಿಸಿಕೊಂಡು ತರಬೇಕು ಅಂದರು. ಬೈಯಲಿಲ್ಲ. ದಣಿದಿದ್ದರು, ಮೆಲ್ಲಗೇ ಹೇಳಿದರು. ಮುಂದಿನ ರೋಗಿಯ ಕಡೆಗೆ ಹೋದರು. ಮಂಜು ತನ್ನ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಬೆನ್ನಿಗೆ ಸರಳು ಹಾಕಿದರು. ವಾರ್ಡಿನಲ್ಲಿ ಹೊರಳಲು ಸಹ ಇಬ್ಬರು ಬೇಕು. ಹಿಂದೆಲ್ಲ ನನಗೆ ಮಡಿಯ ಹುಚ್ಚು ಸ್ವಲ್ಪ ಜಾಸ್ತಿಯೇ ಇತ್ತು. ಅಂಥವಳಿಗೆ ಗೊತ್ತಿಲ್ಲದೆ ಹಾಸಿಗೆ ಒದ್ದೆಯಾಗುವುದು, ಯಾರೋ ಬಂದು ಬಟ್ಟೆ ಸರಿಸಿ ನೋಡುವುದು. ಆಗ ಕಣ್ಣು ಮುಚ್ಚಿಕೊಂಡು ನರಸಿಂಹ, ನರಸಿಂಹ ಎನ್ನುತ್ತಿದ್ದೆ. ಒಬ್ಬ ಆಯಾ ಇದ್ದಳು. ಒರಸಿ ಶುಚಿ ಮಾಡುವಾಗೆಲ್ಲ ತನ್ನ ಸೊಸೆಯನ್ನು ಬೈಯುತ್ತಿದ್ದಳು. ಸಾರಿಗೆ ಉಪ್ಪು ಹಾಕಲು ಬಾರದು, ಕಸ ಗುಡಿಸಿದರೆ ಮೂಲೆ ಬಿಡುತ್ತಾಳೆ ಎಂದು. ಕೇಳುತ್ತ ಕೇಳುತ್ತ ನನ್ನ ಕೆಲಸ ಮುಗಿದಿರುತ್ತಿತ್ತು. ಅವಳು ನನ್ನ ನಾಚಿಕೆ ಮರೆಸಲೆಂದೇ ಹಾಗೆ ಮಾತಾಡುತ್ತಿದ್ದಳೋ, ನಿಜಕ್ಕೂ ಸೊಸೆ ಅಂಥವಳೋ, ನನಗೆ ಗೊತ್ತಿಲ್ಲ. ಇಂದಿಗೂ ಅವಳ ಹೆಸರು ಹೇಳಿ ದೀಪಕ್ಕೆ ಎಣ್ಣೆ ಹಾಕುತ್ತೇನೆ.

ಇನ್ನು ನಡೆಯುವುದಿಲ್ಲ ಎಂದು ನನಗೆ ಹೇಳಿದವರು ನಮ್ಮ ಮನೆಯವರು. ಹಾಸಿಗೆಯ ಪಕ್ಕ ಕೂತು ಕಿತ್ತಳೆ ಹಣ್ಣು ಸುಲಿಯುತ್ತಿದ್ದರು. ಸಿಪ್ಪೆ ಬಿಡಿಸಿದರು, ನಾರು ಬಿಡಿಸಿದರು, ತೊಳೆಯ ಮೇಲಿನ ಪೊರೆಯನ್ನೂ ಬಿಡಿಸಿದರು. ಕೊನೆಗೆ ಕೈಯಲ್ಲಿ ಹಣ್ಣು ಎನ್ನುವಂಥದ್ದು ಏನೂ ಉಳಿದಿರಲಿಲ್ಲ. ಆಗ, "ಡಾಕ್ಟ್ರು ಕಷ್ಟ ಅಂದ್ರು ಜಯಾ," ಅಂದರು. ಯಾವುದು ಕಷ್ಟ ಎಂದು ನಾನು ಕೇಳಲಿಲ್ಲ.

ಮನೆಗೆ ಬಂದಮೇಲೆ ಅತ್ತೆ ಊರು ಬಿಟ್ಟು ನಮ್ಮ ಜೊತೆಗೇ ಬಂದು ನಿಂತರು. ನನಗೆ ಇದ್ದ ಒಂದು ದೊಡ್ಡ ಸಂಕಟ ಯಾರಿಗೂ ಹೇಳುವಂಥದ್ದಲ್ಲ. ಮೂತ್ರದ ನಳಿಕೆ, ಅದರ ಚೀಲ ಮೈಗೆ ಅಂಟಿಕೊಂಡೇ ಇರುವಾಗ ದೇವರ ದೀಪ ಮುಟ್ಟುವುದು ಹೇಗೆ? ದೇವರ ಮನೆ ಇನ್ನೊಂದು ಕೋಣೆಯಲ್ಲಿ. ಗಂಟೆಯ ಸದ್ದು ಮಾತ್ರ ಕೇಳುತ್ತ ಮಲಗಿರುತ್ತಿದ್ದೆ. ಒಂದು ಶನಿವಾರ ಅತ್ತೆ ಮಾತಿಲ್ಲದೆ ನರಸಿಂಹಸ್ವಾಮಿಯ ಪಟ ತಂದು ನನ್ನ ಮಂಚದ ಎದುರಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಚೀಲವಿದೆ ಅತ್ತೆ, ಮೈಲಿಗೆ ಅಂದೆ.

"ನಿಂಗ್ ಓಗಾಕಾಗಲ್ಲ. ಅವ್ನೇ ಬರ್ಲಿ ಬುಡು, ಅವ್ನಿಗೇನ್ ಕಾಲಿಲ್ವಾ? ನಮ್ಮೊಟ್ಟೆ ಒಳಗ್ ಏನೇನೈತೆ ಅಂತ ಮಾಡಿಟ್ಟೋನಿಗ್ ಗೊತ್ತಿಲ್ವಾ?" ಅಂದರು.

ಎದ್ದು ಓಡಾಡುತ್ತಿದ್ದಾಗ ನಮ್ಮಿಬ್ಬರಿಗೆ ಅಷ್ಟಕ್ಕಷ್ಟೆ. ಆ ಶನಿವಾರದಿಂದ ಅವರು ನನಗೆ ತಾಯಿ.

ಕಾಲು ಹೋದದ್ದು ನನ್ನದು. ಆದರೆ ಅದರೊಂದಿಗೆ ಇನ್ನೊಬ್ಬರ ಬದುಕೂ ನಿಂತುಹೋಗಿದೆ ಎಂದು ನನಗೆ ತಿಳಿದದ್ದು ಮಾರನೆಯ ವರ್ಷ. ಹಿರೀಸಾವೆ ಕಡೆಯಿಂದ ಮಂಜುವಿಗೆ ಒಂದು ಹೆಣ್ಣು ಬಂತು. ಒಳ್ಳೆಯ ಮನೆ, ಹುಡುಗಿಯೂ ಲಕ್ಷಣ. ಮಂಜು ಒಲ್ಲೆನೆಂದ. ಯಾಕೆಂದರೆ ಹೇಳುವುದಿಲ್ಲ. ಕಡೆಗೆ ಅತ್ತೆ ಗದರಿಸಿದಾಗ ಬಾಯಿಬಿಟ್ಟ. ನಮ್ಮಲ್ಲಿ ಮದುವೆ ಗಂಡಿನ ಮುಂದೆ ಕಳಸ ಹಿಡಿದು ನಡೆಯುವವಳು ಮನೆಯ ಹೆಣ್ಣುಮಗಳು. ಅವನಿಗೆ ಅಕ್ಕತಂಗಿಯರಿಲ್ಲ. ಕಳಸ ನಾನೇ ಹಿಡಿಯಬೇಕು, ಹಿಡಿದು ಅವನ ಮುಂದೆ ನಡೆಯಬೇಕು, ಆಮೇಲೆಯೇ ತನ್ನ ಮದುವೆ ಎಂದು ಹೊಳೆನರಸೀಪುರದ ನರಸಿಂಹಸ್ವಾಮಿಗೆ ಹರಕೆ ಹೊತ್ತಿದ್ದನಂತೆ.

"ನಡೀದೆ ಓದ್ರೆ?" ಅಂದರು ಅತ್ತೆ.

"ನಡೀತಾರೆ ಕಣವ್ವ. ನಾನ್ ಎತ್ತಾಕ್ ಮುಂಚೆ ಅತ್ಗೆ ಕಾಲುಂಗುರದ್ ಬೆರಳು ಆಡ್ತಿತ್ತು. ನನ್ ಕಣ್ಣಲ್ಲಿ ನೋಡಿವ್ನಿ," ಅಂದ.

ಮಂಚದ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದ ನನ್ನ ಕೈ ನಿಂತಿತು. ಅತ್ತೆ ನನ್ನ ಕಡೆ ನೋಡಲಿಲ್ಲ. ಎದ್ದು ಹಿತ್ತಲಿಗೆ ಹೋದರು. ಆ ಬೆರಳು ಆಡುತ್ತಿತ್ತೇ? ನನಗೆ ನೆನಪಿಲ್ಲ. ಎಷ್ಟು ಸಲ ಕಣ್ಣು ಮುಚ್ಚಿ ಆ ನೆಲದ ಮೇಲೆ ಹೋಗಿ ಮಲಗಿ ನೋಡಿದ್ದೇನೆ. ಪಾತ್ರೆ ಕಾಣುತ್ತದೆ, ಒರಳು ಕಾಣುತ್ತದೆ. ಕಾಲು ಮಾತ್ರ ಕಾಣುವುದಿಲ್ಲ.

ಅಲ್ಲಿಂದ ಶುರುವಾಯಿತು ಪೇಪರು. ಬೆನ್ನುಹುರಿಗೆ ಪೆಟ್ಟಾದರೆ ಇಷ್ಟೇ ಎಂದು ಕೈಬಿಡುತ್ತಿದ್ದ ಕಾಲ ಹೋಯಿತು, ಬೇರೆ ದೇಶಗಳಲ್ಲಿ ಸಂಶೋಧನೆ ನಡೆಯುತ್ತಿದೆ, ಕಡಿದ ನರ ಮತ್ತೆ ಚಿಗುರುವಂತೆ ಮಾಡಲು ನೋಡುತ್ತಿದ್ದಾರೆ ಎಂದು ಬರುತ್ತಿತ್ತು. ಒಂದು ಸಲ ಬಂತು, ಹಿಂಗಾಲು ಬಿದ್ದುಹೋಗಿದ್ದ ಇಲಿಗಳು ಚಿಕಿತ್ಸೆ ಕೊಟ್ಟಮೇಲೆ ಹೆಜ್ಜೆ ಇಟ್ಟವಂತೆ. ಮಂಜು ಅದನ್ನು ಓದಿ, ಅತ್ತೆಗೆ ಬಿಡಿಸಿ ಹೇಳಿದ. ಅತ್ತೆ ಗಣಪತಿಯ ವಾಹನ ಎಂದು ಕೈಮುಗಿದರು. ಮಾರನೆಯ ದಿನ ಅಡಿಗೆಮನೆಯ ಇಲಿಬೋನು ಕಾಣೆಯಾಯಿತು. ಆ ವರ್ಷ ನಮ್ಮ ಮನೆಯ ಇಲಿಗಳು ತಿಂದ ಬೆಲ್ಲಕ್ಕೆ, ತೆಂಗಿನಕಾಯಿಗೆ ಲೆಕ್ಕವಿಲ್ಲ. ನಮ್ಮ ಮನೆಯವರು ರೇಗಿದರೆ ಅತ್ತೆ, "ಅವೂ ನಡೀಲಿ ಬುಡಪ್ಪ, ನಮ್ ಉಡ್ಗೀನೂ ನಡೀಲಿ," ಅನ್ನುತ್ತಿದ್ದರು.

ನಾನೂ ಆಸೆ ಪಡಲಿಲ್ಲವೆಂದಲ್ಲ. ಪೇಪರು ಬಂದ ದಿನ ಸೆರಗು ಹೊದ್ದುಕೊಂಡು, ಕಾಲುಂಗುರದ ಬೆರಳೇ ಒಂದು ಸಲ ಆಡು ಎಂದು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದೆ. ಅರಕಲಗೂಡಿನಿಂದ ಅಣ್ಣ ತಂದ ಎಣ್ಣೆಗಳನ್ನೆಲ್ಲ ತಿಕ್ಕಿಸಿಕೊಂಡೆ. ಯಾರೂ ಮೋಸ ಮಾಡಿದರು ಎನ್ನಲಾರೆ. ಕೊಟ್ಟವರೆಲ್ಲ ಕಾಲು ಬರಲಿ ಎಂದೇ ಕೊಟ್ಟರು.

ಎರಡು ಸಾವಿರದ ಇಸವಿ ಬಂದಮೇಲೆ ಹಾಸನದಲ್ಲಿ ಬ್ರೌಸಿಂಗ್ ಸೆಂಟರುಗಳಾದವು. ಮಂಜು ಅಲ್ಲಿ ಕೂತು ಇಂಗ್ಲಿಷಿನ ಹಾಳೆಗಳನ್ನು ಪ್ರಿಂಟು ಹಾಕಿಸಿ ತರುತ್ತಿದ್ದ. ಮೂಗಿನ ಒಳಗಿನ ಜೀವಕೋಶ ತೆಗೆದು ಬೆನ್ನಿಗೆ ಹಾಕುವುದು, ಮೂಳೆಯೊಳಗಿನ ಮಜ್ಜೆಯಿಂದ ತೆಗೆದು ಹಾಕುವುದು, ಹೀಗೆ. ನಮ್ಮ ಮನೆಯವರು ಕನ್ನಡಕ್ಕೆ ತಿರುಗಿಸಿ ಓದಿ ಹೇಳುವರು. ಮೇಷ್ಟರಲ್ಲವೇ, ಒಂದು ಅಕ್ಷರ ಬಿಡುವವರಲ್ಲ. ನರ ಬೆಳೆಯಬಹುದು, ಅನುಕೂಲವಾಗಬಹುದು, ಮುಂದೊಂದು ದಿನ ಸಾಧ್ಯವಾಗಬಹುದು. ಪ್ರತಿ ವಾಕ್ಯದ ಕೊನೆಗೂ ಒಂದು ‘ಬಹುದು’ ಇರುತ್ತಿತ್ತು. ಮಂಜು ಅದೊಂದನ್ನು ಬಿಟ್ಟು ಉಳಿದದ್ದನ್ನು ಕೇಳಿಸಿಕೊಳ್ಳುತ್ತಿದ್ದ. ಇನ್ನು ನಾಲ್ಕೈದು ವರ್ಷ ಅತ್ಗೆ, ಅನ್ನುತ್ತಿದ್ದ. ನಾಲ್ಕೈದು ವರ್ಷ ಕಳೆದಮೇಲೂ ಅದು ನಾಲ್ಕೈದು ವರ್ಷವಾಗಿಯೇ ಇತ್ತು. ಅಷ್ಟರಲ್ಲಿ ಹಿರೀಸಾವೆಯ ಆ ಹುಡುಗಿಗೆ ಬೇರೆ ಕಡೆ ಮದುವೆಯಾಗಿ, ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದವು.

ಮನೆಯಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ಮಂಜು ನನ್ನ ಗಾಲಿಕುರ್ಚಿ ತಳ್ಳುತ್ತಿದ್ದ, ನೀರು ಕಾಯಿಸುತ್ತಿದ್ದ, ಸಂತೆಯಿಂದ ನನಗಿಷ್ಟವಾದ ಅವರೆಕಾಯಿ ತರುತ್ತಿದ್ದ. ಆದರೆ ನನ್ನನ್ನು ಎತ್ತುವುದಿಲ್ಲ. ಕುರ್ಚಿಯಿಂದ ಮಂಚಕ್ಕೆ ದಾಟಿಸಬೇಕಾದಾಗ ಹೊರಗೆ ಏನೋ ಕೆಲಸವಿದೆ ಎಂದು ಹೋಗಿಬಿಡುತ್ತಿದ್ದ. ನಮ್ಮ ಮನೆಯವರ ಸೊಂಟ ಹಿಡಿದುಕೊಂಡಾಗಲೂ ಪಕ್ಕದ ಮನೆಯವರನ್ನು ಕರೆತರುತ್ತಿದ್ದನೇ ಹೊರತು ತಾನು ಕೈ ಹಾಕುತ್ತಿರಲಿಲ್ಲ.

ಅತ್ತೆಗೆ ಕಡೆಗಾಲ ಬಂತು. ಊರಿನ ಮನೆಯಲ್ಲೇ ಹೋಗಬೇಕೆಂದರು, ಕರೆದುಕೊಂಡು ಹೋದೆವು. ಉಸಿರು ಮೇಲಕ್ಕೆ ಬಂದಾಗ ಹಿರಿಯರು ನೆಲಕ್ಕೆ ಇಳಿಸಿ ಎಂದರು. ಎಲ್ಲರೂ ಮಂಜುವನ್ನು ನೋಡಿದರು. ಗಂಡುಮಗ, ಗಟ್ಟಿಮುಟ್ಟಾದವನು, ಪಕ್ಕದಲ್ಲೇ ನಿಂತಿದ್ದಾನೆ. ಅವನು ಒಂದು ಹೆಜ್ಜೆ ಹಿಂದಕ್ಕೆ ಹೋದ. ಇನ್ನೊಂದು ಹೆಜ್ಜೆ ಹೋದ. ಗೋಡೆ ಸಿಕ್ಕಿತು. ನಮ್ಮ ಮನೆಯವರೂ ದಾಯಾದಿಗಳೂ ಸೇರಿ ಅತ್ತೆಯನ್ನು ಇಳಿಸಿದರು. ಹೆತ್ತ ತಾಯಿಗೆ ಕೈ ಕೊಡಲಿಲ್ಲ ಎಂದು ಊರಿನವರು ಆಡಿಕೊಂಡರು. ಅವರಿಗೇನು ಗೊತ್ತು.

ಅದಕ್ಕೆ ಎರಡು ದಿನ ಮುಂಚೆ ಅತ್ತೆ ನನ್ನನ್ನು ಹತ್ತಿರಕ್ಕೆ ಕರೆದು ಕುರ್ಚಿಯ ಕೈ ಹಿಡಿದುಕೊಂಡಿದ್ದರು. "ಎತ್ತು ಅಂದೋಳು ನಾನು. ಅವನ್ದೇನೈತೆ? ಅವ್ನಿಗ್ ಯೋಳು," ಅಂದರು. ಅವರ ಬಾಯಲ್ಲಿ ಆ ವಿಷಯ ಬಂದದ್ದು ಅದೇ ಮೊದಲು. ಆಗಲಿ ಎಂದೆ. ಅವನಿಗೆ ಸ್ವಾತಿ ನಕ್ಷತ್ರ, ನರಸಿಂಹನದೇ ನಕ್ಷತ್ರ, ಆ ದೇವರು ಕೈಬಿಡಲಾರ ಎಂದೂ ಹೇಳಿದರು.

ಅತ್ತೆಯ ಕಾರ್ಯ ಮುಗಿದಮೇಲೆ ನಾನು ಹೇಳಿದೆ. ಮಂಜು ಕೇಳಿಸಿಕೊಂಡ, ತಲೆ ಆಡಿಸಿದ. ಮುಂದಿನ ವಾರ ಮತ್ತೆ ಪ್ರಿಂಟು ಹಾಕಿಸಿದ ಹಾಳೆ ತಂದ. ಈ ಸಲದ್ದು ದೂರದ ಯಾವುದೋ ಊರಿನಲ್ಲಿ ಬೆನ್ನಿಗೆ ಜೀವಕೋಶದ ಇಂಜೆಕ್ಷನ್ ಕೊಡುತ್ತಾರೆ ಎನ್ನುವುದು. ತೋಟ ಮಾರಿಯಾದರೂ ಕರೆದುಕೊಂಡು ಹೋಗುತ್ತೇನೆ ಎಂದು ಹಟ ಹಿಡಿದ. ನಮ್ಮ ಮನೆಯವರಿಗೆ ಸಿಟ್ಟು ಬಂತು. ಅಣ್ಣತಮ್ಮಂದಿರು ಮಾತು ಬಿಡುವ ಹಾಗಾಯಿತು. ಆಗ ನಾನು ಒಂದು ಮಾತು ಹೇಳಿದೆ. ಬೆಂಗಳೂರಿನಲ್ಲಿ ಇದನ್ನೇ ಓದಿಕೊಂಡಿರುವ ಡಾಕ್ಟರೊಬ್ಬರಿದ್ದಾರಂತೆ, ಅವರ ಹತ್ತಿರ ಹೋಗೋಣ, ಅವರು ಹೇಳಿದ ಮೇಲೆ ಅದೇ ಕೊನೆ. ಮಂಜು ಒಪ್ಪಿದ. ಅವರು ಆಗುತ್ತದೆ ಎನ್ನುತ್ತಾರೆಂದೇ ಅವನು ಒಪ್ಪಿದ್ದು.

ಅಲ್ಲಿ ಕಾಯುವ ಜಾಗದ ಬಗ್ಗೆ ಹೇಳಬೇಕು. ಎಲ್ಲರೂ ನನ್ನ ಹಾಗೆ ಕೂತವರು. ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನನ್ನು ಯಾರೂ ತಿರುಗಿ ನೋಡಲಿಲ್ಲ. ಪಕ್ಕದ ಕುರ್ಚಿಯ ಹೆಂಗಸು, ಪರಿಚಯವಿಲ್ಲ ಏನಿಲ್ಲ, ನಿಮಗೆ ಬೆನ್ನಲ್ಲಿ ಹುಣ್ಣಾಗುತ್ತಾ ಎಂದು ಊಟ ಆಯ್ತಾ ಎನ್ನುವಷ್ಟು ಸಲೀಸಾಗಿ ಕೇಳಿದಳು. ಇಬ್ಬರೂ ಅರ್ಧ ಗಂಟೆ ಚೀಲದ ವಿಷಯ, ಹೊರಳುವ ವಿಷಯ ಮಾತಾಡಿ, ಯಾವುದಕ್ಕೋ ನಕ್ಕೆವು. ಮಂಜು ದೂರದಲ್ಲಿ ನಿಂತಿದ್ದ, ನಾವು ನಕ್ಕದ್ದು ನೋಡಿ ಗಾಬರಿಯಾದ.

ಡಾಕ್ಟರು ಹೆಂಗಸು, ಚಿಕ್ಕ ವಯಸ್ಸು. ಹಳೆಯ ಎಕ್ಸ್‌ರೇ ನೋಡಿದರು, ಕಾಲು ನೋಡಿದರು. ಮಂಜು ತನ್ನ ಹಾಳೆಗಳನ್ನೆಲ್ಲ ಮೇಜಿನ ಮೇಲಿಟ್ಟ. ಅವರು ನಗಲಿಲ್ಲ, ತಳ್ಳಿಹಾಕಲೂ ಇಲ್ಲ. ಇದರಲ್ಲಿ ಬಹಳಷ್ಟು ನಿಜ, ಕೆಲಸ ನಡೆದಿದೆ, ಹತ್ತು ವರ್ಷದ ಹಿಂದೆ ಗೊತ್ತಿಲ್ಲದ್ದು ಇವತ್ತು ಗೊತ್ತಿದೆ ಅಂದರು. ಆದರೆ ಇಲಿಗೆ ಆದದ್ದು ಮನುಷ್ಯರಿಗೆ ಆಗಬೇಕು, ಅದರಲ್ಲೂ ಇಷ್ಟು ಹಳೆಯ ಪೆಟ್ಟಿಗೆ ಆಗಬೇಕು ಎಂದರೆ ದಾರಿ ಇನ್ನೂ ದೂರವಿದೆ. ಪ್ರಯೋಗ ಮುಗಿಯದ ಇಂಜೆಕ್ಷನ್‌ಗೆ ಈಗಲೇ ಮೈ ಕೊಡಬೇಡಿ, ಇರುವ ಶಕ್ತಿಯೂ ಹೋದೀತು ಅಂದರು. "ಸಂಶೋಧನೆ ಮುಂದೆ ಹೋಗ್ತಾ ಇದೆ ಅಮ್ಮ. ನಿಮ್ಮ ತನಕ ಇನ್ನೂ ಬಂದಿಲ್ಲ."

ನನ್ನ ತನಕ ಬಂದದ್ದೂ ಇತ್ತು, ಅದನ್ನೂ ತೋರಿಸಿದರು. ಹಿಂದೆ ನನ್ನಂಥವರು ಮೂತ್ರಕೋಶ ಕೆಟ್ಟು, ಹುಣ್ಣು ಕೊಳೆತು ಬೇಗ ಹೋಗುತ್ತಿದ್ದರಂತೆ. ಈಗ ದಿನವಿಡೀ ನಳಿಕೆ ಬೇಡ, ಹೊತ್ತಿಗೊಮ್ಮೆ ನೀವೇ ಹಾಕಿ ತೆಗೆಯಬಹುದು ಎಂದು ಕಲಿಸಿದರು. ಹಲಗೆ ಇಟ್ಟುಕೊಂಡು ತೋಳಿನ ಬಲದಿಂದ ಕುರ್ಚಿಯಿಂದ ಮಂಚಕ್ಕೆ ನಾನೇ ಜಾರಿಕೊಳ್ಳುವುದನ್ನು ಕಲಿಸಿದರು. ಹೊಸದಾಗಿ ಮಲಗಿದವರ ಮನೆಯವರಿಗೆ ನಾನು ಹೇಳುವುದೂ ಇದನ್ನೇ. ನಡೆಯುವ ದಿನ ಬರುತ್ತದೆಯೋ ಇಲ್ಲವೋ, ಕೂರುವುದನ್ನು ಮೊದಲ ದಿನದಿಂದಲೇ ಕಲಿಸಿ. ನಮಗೆ ಹೇಳುವವರಿರಲಿಲ್ಲ.

ಏಳುವ ಮುಂಚೆ ಮಂಜು ಕೇಳಿದ. ಅವನು ಬೆಂಗಳೂರಿಗೆ ಬಂದದ್ದೇ ಅದನ್ನು ಕೇಳಲು ಎಂದು ನನಗೆ ಆಗ ತಿಳಿಯಿತು. ಬಿದ್ದದ್ದು, ಅವ್ವ ಹೇಳಿದ್ದು, ಎತ್ತಿದ್ದು, ಬೆರಳು ಆಡುತ್ತಿದ್ದದ್ದು ಎಲ್ಲ ಹೇಳಿ, "ನಾನ್ ಎತ್ತಿದ್ದಕ್ಕೇ ಇಂಗಾಯ್ತಾ ಮೇಡಂ?" ಅಂದ.

ಡಾಕ್ಟರು ಹಳೆಯ ಎಕ್ಸ್‌ರೇಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. ಇಲ್ಲ ಎಂದುಬಿಡಲಿ ಸ್ವಾಮಿ ಎಂದು ನಾನು ಬೇಡಿಕೊಂಡೆ. ಸುಳ್ಳಾದರೂ ಹೇಳಲಿ ಎಂದು ಬೇಡಿಕೊಂಡೆ.

"ಬಿದ್ದ ರಭಸಕ್ಕೇ ಆಗಿರಬಹುದು. ಎತ್ತಿದಾಗ ಇನ್ನಷ್ಟು ಆಗಿರಬಹುದು. ಬೆರಳು ಅದುರಿರಬಹುದು, ಇವರೇ ಆಡಿಸಿರಲೂಬಹುದು. ಇಷ್ಟು ವರ್ಷದ ಮೇಲೆ ಅದನ್ನ ಹೇಳಬಲ್ಲ ಡಾಕ್ಟರು ಯಾರೂ ಇಲ್ಲ. ನಾನೂ ಹೇಳಲಾರೆ," ಅಂದರು.

ಈ ಸಲ ಮಂಜುವಿಗೆ ‘ಬಹುದು’ಗಳೆಲ್ಲ ಕೇಳಿಸಿದವು.

ಬಾಡಿಗೆ ವ್ಯಾನಿನಲ್ಲಿ ವಾಪಸು ಹೊರಟೆವು. ಹಿರೀಸಾವೆಯಲ್ಲಿ ಹೋಟೆಲಿನ ಮುಂದೆ ನಿಲ್ಲಿಸಿದರು. ನಮ್ಮ ಮನೆಯವರೂ ಡ್ರೈವರೂ ಒಳಗೆ ಹೋದರು. ಮಂಜು ಲೋಟದಲ್ಲಿ ಕಾಫಿ ತಂದುಕೊಟ್ಟು ವ್ಯಾನಿನ ಬಾಗಿಲಲ್ಲಿ ನಿಂತ. ಬಸ್ಸುಗಳು ಬರುತ್ತಿದ್ದವು, ಹೋಗುತ್ತಿದ್ದವು. ಅವನ ಕೆನ್ನೆಯ ಮೇಲೆ ಬೆಳ್ಳಗಿನ ಕೂದಲು ಬಿಸಿಲಿಗೆ ಎದ್ದು ಕಾಣುತ್ತಿತ್ತು. ಯಾವಾಗ ಬಂತೋ, ನಾನು ನೋಡಿರಲಿಲ್ಲ.

"ಮಂಜು," ಅಂದೆ. "ಆ ಹರಕೆ ಇಳಿಸಿಬಿಡೋಣ."

"ಹರಕೆ ಬುಡಾಕ್ ಬರಲ್ಲ ಅತ್ಗೆ. ತೀರ್ಸಬೇಕು."

"ತೀರದೆ ಇದ್ರೆ ತಪ್ಪುಕಾಣಿಕೆ ಕಟ್ಟಲ್ವಾ?"

ನಮ್ಮ ಕಡೆ ಆ ಪದ್ಧತಿ ಉಂಟು. ಹೊತ್ತ ಹರಕೆ ತೀರಿಸಲಾಗದೆ ಹೋದರೆ, ತಪ್ಪಾಯಿತು ಸ್ವಾಮಿ ಎಂದು ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿ ದೇವರಿಗೆ ಒಪ್ಪಿಸಿಬಿಡುವುದು. ಅಲ್ಲಿಗೆ ಬಿಡುಗಡೆ. ಮಂಜು ತಲೆ ಅಲ್ಲಾಡಿಸಿದ. ತಪ್ಪು ಮಾಡಿದವನು ಕಾಸು ಕಟ್ಟಿ ತಪ್ಪಿಸಿಕೊಳ್ಳುವುದಾ ಅಂದ.

"ನಾನು ನಡೀಲಿ ಅಂತ ನೀನು ಹೊತ್ತೆ. ನಡೀದೆ ಇದ್ದೋಳು ನಾನು. ತಪ್ಪುಕಾಣಿಕೆ ನಂದು, ನಿಂದಲ್ಲ. ನಾನು ಕಟ್ತೀನಿ, ನೀನು ಒಳಗೆ ತಗೊಂಡೋಗಿ ಹಾಕು."

ಅವನು ಲೋಟ ಈಸಿಕೊಳ್ಳಲು ಕೈ ಚಾಚಿದ. ತಳದಲ್ಲಿದ್ದ ಗಸಿಯನ್ನು ರಸ್ತೆಗೆ ಚೆಲ್ಲಿ, "ಗೊತ್ತಿಲ್ಲ ಅಂದ್ಬುಟ್ರಲ್ಲ ಅತ್ಗೆ. ನನ್ನಿಂದ್ಲೇ ಅಂದಿದ್ರೂ ಸರಿಯಾಗೋದು," ಅಂದ.

"ನಂಗೂ ಗೊತ್ತಿಲ್ಲ ಮಗ. ಗೊತ್ತಿಲ್ದೇನೇ ಇಷ್ಟು ವರ್ಷ ನಿನ್ ಕೈಲಿ ನೀರು ಕುಡಿದಿದ್ದೀನಿ. ನಂಗದು ಸಾಕು."

ಅವನು ರಸ್ತೆಯ ಕಡೆ ತಿರುಗಿ ನಿಂತ. ಅತ್ತನೋ ಏನೋ, ನಾನು ನೋಡಲಿಲ್ಲ. ನೋಡದೆ ಇರುವುದೂ ಒಂದು ಉಪಕಾರ, ಅದನ್ನು ನನಗೆ ಆ ಆಯಾ ಕಲಿಸಿದ್ದಳು.

ಹೊಳೆನರಸೀಪುರ ತಲುಪಿದಾಗ ಸಂಜೆಯ ಪೂಜೆಯ ಹೊತ್ತು. ಗುಡಿಯ ಬಾಗಿಲಿಗೆ ಎದುರಾಗಿ ವ್ಯಾನು ನಿಲ್ಲಿಸಿದರು. ಮೆಟ್ಟಿಲಿನಿಂದಾಗಿ ನಾನು ಒಳಗೆ ಹೋಗುವಂತಿಲ್ಲ. ಕರವಸ್ತ್ರವನ್ನು ಅರಿಸಿನದ ನೀರಿನಲ್ಲಿ ಅದ್ದಿಸಿ, ಒದ್ದೆಯಲ್ಲೇ ಕಾಸು ಕಟ್ಟಿ ಮಂಜುವಿನ ಕೈಗೆ ಕೊಟ್ಟೆ. ನಮ್ಮ ಮನೆಯವರನ್ನು ಕರೆದು ಕಿವಿಯಲ್ಲಿ, ಅರ್ಚನೆಗೆ ಅವನ ಹೆಸರು ಹೇಳಿ, ನನ್ನದು ಬೇಡ ಅಂದೆ. ನಕ್ಷತ್ರ ಹೇಳಿಕೊಟ್ಟೆ.

ಸಂಜೆಗತ್ತಲಲ್ಲಿ ಆ ಬಾಗಿಲಿನೊಳಗೆ ದೀಪಗಳು, ಇಬ್ಬರ ಬೆನ್ನು ಕಾಣುತ್ತಿದ್ದವು. ಅರ್ಚಕರು ತಟ್ಟೆ ತೆಗೆದುಕೊಂಡು ಗಟ್ಟಿಯಾಗಿ ಶುರುಮಾಡಿದರು. ಸ್ವಾತೀ ನಕ್ಷತ್ರೇ, ತುಲಾ ರಾಶೌ ಜಾತಸ್ಯ, ಮಂಜುನಾಥ ನಾಮಧೇಯಸ್ಯ. ಅಷ್ಟು ವರ್ಷ ಆ ಗುಡಿಯಲ್ಲಿ ಅವನು ನನ್ನ ಹೆಸರನ್ನೇ ಹೇಳಿಸಿದ್ದ, ಒಂದು ಶನಿವಾರವೂ ತನ್ನದು ಹೇಳಿಸಿರಲಿಲ್ಲ. ತನ್ನ ಹೆಸರು ಕೇಳಿಸಿದಾಗ ಮಂಜು, ಬೇರೆ ಯಾರೋ ಬಂದು ನಿಂತಿದ್ದಾರೇನೋ ಎನ್ನುವ ಹಾಗೆ, ಜಾಗ ಬಿಟ್ಟು ಪಕ್ಕಕ್ಕೆ ಸರಿದು, ಹಿಂದಕ್ಕೆ ತಿರುಗಿ ನೋಡಿದ.